ಒಲೆ, ಪಹಣಿ, ಹೆಸರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ಕೃತಕ ಬುದ್ಧಿಮತ್ತೆ ಬಗ್ಗೆ ಸ್ವಲ್ಪ ಹೇಳಪ್ಪ, ಮಕ್ಕಳಿಗೆ ಉಪಯೋಗವಾಗುತ್ತೆ" ಅಂದರು. ಹೂಂ ಅಂದೆ. ಆಮೇಲೆ ಯೋಚಿಸಿದರೆ, ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವ ವಿಡಿಯೊಗಳು ನಿಮ್ಮ ಫೋನಿನಲ್ಲೇ ಬೇಕಾದಷ್ಟಿವೆ. ಆದ್ದರಿಂದ ಸಮಿತಿಯವರ ಕ್ಷಮೆ ಕೇಳಿ ಬೇರೆ ವಿಷಯ ಎತ್ತಿಕೊಳ್ಳುತ್ತೇನೆ.

ವಾರಕ್ಕೆ ಐದು ದಿನ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ. ಮೂರು ವರ್ಷದಿಂದ, ಶನಿವಾರ ಬೆಳಗ್ಗೆ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಪಾಠ ಮಾಡುತ್ತೇನೆ. ನನಗಿರುವುದು ಬಿ.ಇ. ಒಂದೇ. ಕಾಯಂ ಮೇಷ್ಟ್ರಾಗುವ ಅರ್ಹತೆ ಇಲ್ಲ. ಕೋರ್ಸ್ ಅಲ್ಲಿಯ ಪ್ರೊಫೆಸರ್ ಒಬ್ಬರ ಹೆಸರಿನಲ್ಲಿದೆ, ನಾನು ಅವರ ಜೊತೆಗಾರ. ವಿಷಯ 'ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ'. ಅದರಲ್ಲಿ ಕೋಡಿಂಗ್ ಇಲ್ಲ, ಲೆಕ್ಕ ಇಲ್ಲ, ಲ್ಯಾಬ್ ಇಲ್ಲ. ನಮ್ಮಪ್ಪ ಕೇಳಿದರು: "ಅದಕ್ಕೂ ನಿನ್ನ ಕೆಲಸಕ್ಕೂ ಏನೋ ಸಂಬಂಧ?" ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವತ್ತು ಸರಿಯಾಗಿ ಉತ್ತರ ಹೇಳಲಿಲ್ಲ, ಇವತ್ತು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಕೆಲಸ ಮಾಡಿದ್ದೆ. ಯಾರಿಗಾದರೂ ಹಣ ಜಮಾ ಆಗುವ ಮುಂಚೆ, ಆಧಾರ್‌ನಲ್ಲಿರುವ ಹೆಸರೂ ಬ್ಯಾಂಕ್ ಖಾತೆಯಲ್ಲಿರುವ ಹೆಸರೂ ಒಂದೇನಾ ಎಂದು ನೋಡುವ ಪ್ರೋಗ್ರಾಂ. ಎರಡೂ ಹೆಸರನ್ನು ಹೋಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. 85ಕ್ಕಿಂತ ಕಡಿಮೆ ಬಂದರೆ ಅರ್ಜಿ ತಿರಸ್ಕಾರ. ಆ 85 ಎಂಬ ಅಂಕಿಯನ್ನು ಹಾಕಿದ್ದು ನಾನು. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಮುಂಚೆ, ಸರಿ ಅನ್ನಿಸಿತು, ಹಾಕಿದೆ. ಪರೀಕ್ಷೆ ಮಾಡಿದ ಹೆಸರುಗಳೆಲ್ಲ ಮುಂದೊಂದು ಹೆಸರು, ಹಿಂದೊಂದು ಅಡ್ಡಹೆಸರು ಇರುವಂಥವು. ಎಲ್ಲ ಪಾಸಾದವು.

ಆ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ಬೀದಿಯ ಒಬ್ಬ ತಾಯಿ ಮನೆಗೆ ಬಂದು ಫೋನ್ ಕೈಗೆ ಕೊಟ್ಟರು. "ನೋಡಪ್ಪ, ಮೂರು ಸಲ ಅರ್ಜಿ ಹಾಕಿದೀನಿ, ಮೂರು ಸಲವೂ ವಾಪಸ್ ಬಂತು. ನನ್ನ ಹೆಸರು ನನ್ನದಲ್ವಂತೆ." ಸಂದೇಶದ ಕೆಳಗೆ ನಾನು ಕೆಲಸ ಮಾಡಿದ ಸೇವೆಯದೇ ಗುರುತು ಇತ್ತು. ಆಧಾರ್‌ನಲ್ಲಿ ಅವರದು ಬರೀ ಹೆಸರು. ಪಾಸ್‌ಬುಕ್ಕಿನಲ್ಲಿ ಹೆಸರಿನ ಜೊತೆ 'ಕೋಂ' ಎಂದು ಗಂಡನ ಹೆಸರೂ ಇದೆ. ಒಂದು ಕಡೆ 'ಕ್ಷ' ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಬರೆದಿದ್ದಾರೆ, ಇನ್ನೊಂದು ಕಡೆ ಎಕ್ಸ್ ಹಾಕಿದ್ದಾರೆ. ಕನ್ನಡದಲ್ಲಿ ಬರೆದರೆ ಅದೇ ಹೆಸರು, ಅದೇ ಮನುಷ್ಯೆ. ನನ್ನ ಲೆಕ್ಕದಲ್ಲಿ ಇಬ್ಬರು.

ಬೆಂಗಳೂರಿಗೆ ಹೋಗಿ ಮೇಲಿನವರಿಗೆ ಬರೆದೆ. ಹೆಸರು ಪೂರ್ತಿ ಹೊಂದದಿದ್ದರೆ ತಿರಸ್ಕಾರ ಮಾಡದೆ ಒಬ್ಬ ಮನುಷ್ಯನ ಕಣ್ಣಿಗೆ ಕಳಿಸಬೇಕು ಎಂದು ನಿಯಮ ಬದಲಾಯಿಸುವುದಕ್ಕೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ತಾಯಿ ಕೈಸಾಲ ಮಾಡಿಯಾಗಿತ್ತು. ಹಾಗೆ ವಾಪಸ್ ಹೋದವರು ಒಟ್ಟು ಎಷ್ಟು ಜನ ಎಂದು ಹುಡುಕಿದೆ. ದಾಖಲೆ ಇಟ್ಟಿದ್ದದ್ದು 90 ದಿನದ್ದು ಮಾತ್ರ, ಅದಕ್ಕೂ ಹಿಂದಿನದು ಅಳಿಸಿಹೋಗಿತ್ತು.

ಇದರಲ್ಲಿ ನನಗೆ ನಾಚಿಕೆಯಾದದ್ದು ಒಂದು ಕಾರಣಕ್ಕೆ. ಈ ವಿಷಯ ನನಗೆ ಗೊತ್ತಿತ್ತು, ಇದೇ ಶಾಲೆಯಲ್ಲಿ ಗೊತ್ತಾಗಿತ್ತು. ನಮ್ಮ ಎಂಟನೇ ತರಗತಿಯಲ್ಲಿ ನಾಲ್ಕು ಜನ ಮಂಜುನಾಥರಿದ್ದರು. ಹಾಜರಿ ಕರೆಯುವಾಗ ನಮ್ಮ ಕ್ಲಾಸ್ ಮೇಷ್ಟ್ರು "ಮಂಜುನಾಥ ಕೆ., ಮಂಜುನಾಥ ಕೆ.ಆರ್., ಮಂಜುನಾಥ ಎನ್., ಬರೀ ಮಂಜುನಾಥ" ಎಂದು ಕೂಗುತ್ತಿದ್ದರು. ಶಾಲೆಗೆ ಸೇರಿಸುವ ದಿನ ಕರೆತಂದದ್ದು ಅಜ್ಜಿ, ಅಪ್ಪನ ಹೆಸರು ಬರೆಸಿರಲಿಲ್ಲ. ಹಾಗಾಗಿ ಅವನಿಗೆ ಇನಿಷಿಯಲ್ ಇಲ್ಲ. ಬರೀ ಮಂಜುನಾಥ ಅಲ್ಲಿ ಹಿಂದೆ ನಿಂತು ನಗುತ್ತಿದ್ದಾನೆ, ನೋಡಿ. ಈಗ ಆನ್‌ಲೈನ್ ಅರ್ಜಿಗಳಲ್ಲಿ ಕೊನೆಯ ಹೆಸರು ಕಡ್ಡಾಯ ಎಂದು ಕೇಳಿದರೆ ಅವನು 'ಮಂಜುನಾಥ ಮಂಜುನಾಥ' ಎಂದು ತುಂಬುತ್ತಾನಂತೆ. ಮೇಷ್ಟ್ರಿಗೆ ನಾಲ್ವರನ್ನೂ ಗುರುತಿಸಲು ಯಾವ ತೊಂದರೆಯೂ ಇರಲಿಲ್ಲ. ನಾಲ್ಕು ವರ್ಷ ಬಿ.ಇ. ಓದಿ ಹೊರಬಂದ ನಾನು ಆ ಹಾಜರಿ ಪುಸ್ತಕವನ್ನು ಮರೆತಿದ್ದೆ.

ಬಿ.ಇ.ಯಲ್ಲಿ ಇಂಥದ್ದನ್ನು ಯಾರೂ ಕೇಳಲಿಲ್ಲವೇ ಎಂದರೆ, ಪೂರ್ತಿ ಇಲ್ಲ ಎನ್ನುವಂತಿಲ್ಲ. ಸಂವಿಧಾನ ಮತ್ತು ವೃತ್ತಿ ನೀತಿ ಎಂದು ಒಂದು ವಿಷಯ ಇತ್ತು, ಪರಿಸರ ಅಧ್ಯಯನ ಎಂದು ಇನ್ನೊಂದು. ಪರಿಸರದ ಪಾಠ ಎಲ್ಲ ಹಂತದಲ್ಲೂ ಇರಬೇಕು ಎಂಬುದರ ಹಿಂದೆ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿದೆ. ಅಷ್ಟು ದೊಡ್ಡ ಕಡೆಯಿಂದ ಬಂದ ವಿಷಯವನ್ನು ನಾವು ಪರೀಕ್ಷೆಯ ಹಿಂದಿನ ರಾತ್ರಿ ಜೆರಾಕ್ಸ್ ಅಂಗಡಿಯ ಪ್ರಶ್ನೋತ್ತರ ಉರುಹೊಡೆದು ಮುಗಿಸಿದೆವು. ಪಾಠ ಮಾಡಿದವರೂ ಪಾಪ, ಸಿಲಬಸ್ ಮುಗಿಸುವ ಅವಸರದಲ್ಲಿದ್ದರು.

ಹೊರದೇಶದಲ್ಲಿ ಈ ಚರ್ಚೆ ಹಳೆಯದು. 1959ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸಿ.ಪಿ. ಸ್ನೋ ಎಂಬವರು, ವಿಜ್ಞಾನದವರೂ ಸಾಹಿತ್ಯದವರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದ ಎರಡು ಲೋಕಗಳಾಗಿಬಿಟ್ಟಿದ್ದಾರೆ ಎಂದು ಭಾಷಣ ಮಾಡಿದರು. ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ 1969ರಲ್ಲಿ, ಎಂಐಟಿ 1976ರಲ್ಲಿ ಇದಕ್ಕೆಂದೇ ವಿಭಾಗಗಳನ್ನು ಶುರುಮಾಡಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನೀವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು, 2011ರಲ್ಲಿ ಪದವಿ ತರಗತಿ ಆರಂಭಿಸಿದಾಗ ವಿಜ್ಞಾನದ ಹುಡುಗರಿಗೂ ಮಾನವಿಕ ವಿಷಯಗಳ ಪಾಠ ಇಟ್ಟಿತು. ಇದಿಷ್ಟು ಹಿನ್ನೆಲೆಗೆ.

ನನ್ನ ಮೊದಲ ವರ್ಷದ ಪಾಠ ಚೆನ್ನಾಗಿ ಆಗಲಿಲ್ಲ. ಇಂಗ್ಲಿಷ್ ಪುಸ್ತಕಗಳನ್ನು ಓದಿಕೊಂಡು ಹೋಗಿದ್ದೆ. ಲ್ಯಾಂಗ್ಡನ್ ವಿನ್ನರ್ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನವಿದೆ. ನ್ಯೂಯಾರ್ಕ್ ಬಳಿ ರಸ್ತೆಗಳ ಮೇಲಿನ ಸೇತುವೆಗಳನ್ನು ಬಸ್ಸು ನುಗ್ಗದಷ್ಟು ತಗ್ಗಾಗಿ ಕಟ್ಟಿಸಿದ್ದರಿಂದ, ಬಸ್ಸಿನಲ್ಲಿ ಓಡಾಡುವ ಬಡವರು, ಕರಿಯರು ಸಮುದ್ರ ತೀರದ ಉದ್ಯಾನಕ್ಕೆ ಹೋಗುವುದು ಕಷ್ಟವಾಯಿತು ಎಂದು ಅದರಲ್ಲಿ ಹೇಳುತ್ತಾರೆ. ಸೇತುವೆಗೂ ರಾಜಕೀಯ ಇರುತ್ತದೆ ಎಂಬುದು ತಾತ್ಪರ್ಯ. ಈ ಕಥೆ ಪೂರ್ತಿ ಸರಿಯಲ್ಲ ಎಂದು ಮುಂದೆ ಬೇರೆ ವಿದ್ವಾಂಸರು ವಾದಿಸಿದ್ದಾರೆ, ಅದನ್ನೂ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಸಾರ್, ನಮ್ಮೂರಿಗೆ ಸೇತುವೆನೇ ಇಲ್ಲ, ಆದರೂ ಬಸ್ ಬರಲ್ಲ" ಅಂದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅನ್ನಿಸಿತು, ಪಾಠ ಶುರುವಾಗಬೇಕಿದ್ದದ್ದು ಅವನ ಊರಿಂದ.

ಎರಡನೇ ವರ್ಷ ಒಲೆಯಿಂದ ಶುರುಮಾಡಿದೆ.

ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಅದೇ ವರ್ಷ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದು ಅದರ ಕೆಲಸ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಅಸ್ತ್ರ ಆಯಿತು. ಅದನ್ನು ಕಟ್ಟಿದವರು ಅಮೂಲ್ಯ ರೆಡ್ಡಿ. ಅವರು ವಿದ್ಯುತ್ ರಸಾಯನಶಾಸ್ತ್ರದ ದೊಡ್ಡ ವಿದ್ವಾಂಸರು, ಆ ವಿಷಯದ ಅವರ ಪಠ್ಯಪುಸ್ತಕವನ್ನು ಜಗತ್ತಿನಾದ್ಯಂತ ಓದುತ್ತಾರೆ. ಅಂಥವರು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಿನ ಹಳ್ಳಿಗಳ ಮನೆಮನೆಗೆ ಜನ ಕಳಿಸಿ, ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಹೊತ್ತು, ಯಾರ ಶ್ರಮ ಎಂದು ಲೆಕ್ಕ ಮಾಡಿಸಿದರು. ಹಳ್ಳಿಯಲ್ಲಿ ಹೆಚ್ಚು ಇಂಧನ ಹೋಗುವುದು ಅಡುಗೆಗೆ, ಅದನ್ನು ಹೊತ್ತು ತರುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು ಎಂದು ತಿಳಿಯಿತು. ನಮ್ಮಜ್ಜಿಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು, ನಿಜ. ಆದರೆ ಅಜ್ಜಿಯ ಮಾತು ಯೋಜನೆ ಮಾಡುವವರ ಮೇಜಿನ ತನಕ ಹೋಗಬೇಕಾದರೆ ಅದು ಅಂಕಿಯಾಗಬೇಕಿತ್ತು. ಆ ಕೆಲಸವನ್ನು ಅವರು ಮಾಡಿದರು.

ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಿದೆ, ಸೌದೆ ಕಡಿಮೆ ಸಾಕು. ಇಲ್ಲಿ ಕೆಲವರ ಮನೆಯಲ್ಲಿ ಇತ್ತು, ನೆನಪಿರಬಹುದು. ತರಗತಿಯಲ್ಲಿ ಅದರ ಚಿತ್ರ ಬರೆದು ಕೇಳಿದೆ: ಇಷ್ಟು ಒಳ್ಳೆಯ ಒಲೆಯನ್ನು ಕೆಲವರು ಕಟ್ಟಿಸಿಕೊಂಡ ಮೇಲೂ ಯಾಕೆ ಬಿಟ್ಟರು? ಮೂರು ವಾರ ಬಾಯಿ ಬಿಡದ ಒಬ್ಬ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ಕೈ ಎತ್ತಿದಳು. ಬಾಯಿ ಚಿಕ್ಕದಾದರೆ ಸೌದೆಯನ್ನು ಸಣ್ಣಗೆ ಸೀಳಬೇಕು, ಬೆಳಗ್ಗೆ ಗದ್ದೆಗೆ ಹೋಗುವವರಿಗೆ ಅದಕ್ಕೆ ಹೊತ್ತೆಲ್ಲಿ? ಮುದ್ದೆ ತಿರುವುವಾಗ ಮಡಕೆಗೆ ಕವೆಗೋಲು ಕೊಟ್ಟು ಮೈಭಾರ ಹಾಕುತ್ತೇವೆ, ಆ ಒತ್ತಡಕ್ಕೆ ಒಲೆ ನಿಲ್ಲಬೇಕು. ಕೊಳವೆ ತುಂಬ ಮಸಿ ಕಟ್ಟಿದರೆ ತೆಗೆಯುವವರು ಯಾರು, ಗಂಡಸರಂತೂ ಹತ್ತುವುದಿಲ್ಲ. ಅಟ್ಟದ ಮೇಲೆ ಕಟ್ಟಿಟ್ಟ ಬಿತ್ತನೆ ತೆನೆಗೆ ಹೊಗೆ ತಾಗಿದರೆ ಹುಳ ಬೀಳುವುದಿಲ್ಲ, ಹಾಗಾಗಿ ಹೊಗೆ ಪೂರ್ತಿ ಶತ್ರುವೂ ಅಲ್ಲ. ಹತ್ತು ನಿಮಿಷ ಮಾತಾಡಿದಳು. ನಗರದ ಹುಡುಗರು ನೋಟ್ಸ್ ಬರೆದುಕೊಂಡರು. ಅವಳು ಇಂಗ್ಲಿಷಿನಲ್ಲಿ ತಡವರಿಸಿದಾಗ ಕನ್ನಡದಲ್ಲೇ ಹೇಳು ಅಂದಿದ್ದೆ ಅಷ್ಟೆ, ಉಳಿದದ್ದೆಲ್ಲ ಅವಳದು. ಆ ಸೆಮಿಸ್ಟರ್‌ನಲ್ಲಿ ಅವಳು ಮತ್ತೆ ಸುಮ್ಮನೆ ಕೂರಲಿಲ್ಲ.

ಒಲೆಯ ಮುಂದಿನ ವಾರ ಪುರದ ಕಥೆ. ಪುರವೂ ಕುಣಿಗಲ್ ತಾಲ್ಲೂಕಿನದೇ ಚಿಕ್ಕ ಊರು. ಅಸ್ತ್ರದವರು ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡಬೇಕೆಂದುಕೊಂಡರು. ಆಗಲಿಲ್ಲ. ಊರಿನ ದನಗಳ ಸಗಣಿಯಿಂದ ಬರುವ ಅನಿಲ ಎಲ್ಲರ ಅಡುಗೆಗೆ ಸಾಲದು. ಅಲ್ಲಿಗೇ ಬಿಟ್ಟಿದ್ದರೆ ಇನ್ನೊಂದು ಪಾಳುಬಿದ್ದ ಸರ್ಕಾರಿ ಗುಂಡಿ ಆಗುತ್ತಿತ್ತು. ಊರಿನವರೊಡನೆ ಮತ್ತೆ ಕೂತು ಮಾತಾಡಿದಾಗ, ಮೊದಲು ಬೇಕಾದದ್ದು ಕುಡಿಯುವ ನೀರು ಎಂದು ಗೊತ್ತಾಯಿತು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಕರೆಂಟು ತೆಗೆದು, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಪ್ರಕಾರ ಹಣ. ಅನಿಲ ಹೋದಮೇಲೆ ಉಳಿದ ಬಗ್ಗಡವನ್ನು ಮರಳಿನ ಮೇಲೆ ಸೋಸಿ, ಗೊಬ್ಬರವನ್ನು ಅವರವರ ಪಾಲಿನಂತೆ ವಾಪಸ್. ಹಣ ಬರುತ್ತಿದ್ದದ್ದು ಹೆಚ್ಚಾಗಿ ಸಗಣಿ ಹೊತ್ತು ತರುವ ಹೆಂಗಸರ ಕೈಗೆ. ಯಂತ್ರ ನಡೆಸಿದವರು ಊರಿನ ಹುಡುಗರೇ.

ಎಲ್ಲರಿಗೂ ಸೇರಿದ್ದು ಕೊನೆಗೆ ಯಾರಿಗೂ ಇಲ್ಲದಂತೆ ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕನ್ ವಿಜ್ಞಾನಿ 1968ರಲ್ಲಿ ಬರೆದದ್ದು ಪ್ರಸಿದ್ಧ. ರೆಡ್ಡಿಯವರು ಅದನ್ನು ತಿರುವಿಹಾಕಿ, ಪುರದವರು ಎಲ್ಲರ ಸೊತ್ತನ್ನು ವರವಾಗಿ ಮಾಡಿಕೊಂಡರು ಎಂದು ಬರೆದರು. ಮುಂದೆ ಆ ವ್ಯವಸ್ಥೆಯೂ ನಿಂತುಹೋಯಿತು. ಹಾಗಾದರೆ ಅದು ಸೋತಿತೇ ಎಂದು ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. ನನ್ನ ಅಭಿಪ್ರಾಯ, ಅದನ್ನು ಸೋಲು ಎನ್ನುವವರು ತಮ್ಮ ಮೊಬೈಲಿನ ಆ್ಯಪ್‌ಗಳಲ್ಲಿ ಎಷ್ಟು ವರ್ಷಗಟ್ಟಲೆ ಬಾಳಿವೆ ಎಂದು ಒಮ್ಮೆ ಎಣಿಸಬೇಕು.

ಇನ್ನು ಪಹಣಿ. ಈ ಪದ ಹೇಳಿದರೆ ಸಾಕು, ಹಿಂದಿನ ಬೆಂಚು ಎಚ್ಚರವಾಗುತ್ತದೆ. 'ಭೂಮಿ' ಯೋಜನೆ ಬಂದಾಗ ನಾನು ಇಲ್ಲಿ ಹೈಸ್ಕೂಲಿನಲ್ಲಿದ್ದೆ. ಅಪ್ಪನ ಜೊತೆ ಹೋಗಿ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಪಹಣಿ ತಂದದ್ದು ನಾನು ಕಂಪ್ಯೂಟರನ್ನು ಹತ್ತಿರದಿಂದ ನೋಡಿದ ಮೊದಲ ಸಲ. ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ದಾಖಲೆಗಳು ಕಂಪ್ಯೂಟರಿಗೆ ಹೋದವು. ಖಾತೆ ಬದಲಾವಣೆ ಅರ್ಜಿ ಮೊದಲು ಕೊಟ್ಟವರದು ಮೊದಲು ಆಗಬೇಕು ಎಂದು ಸಾಫ್ಟ್‌ವೇರ್‌ನಲ್ಲೇ ಬರೆದಿಟ್ಟರು. ಸಾಲು ತಪ್ಪಿಸಿ ಬೇಕಾದವರ ಕಾಗದ ಮೇಲೆ ಎತ್ತುವುದು ಕಷ್ಟವಾಯಿತು. ಸಾಲಿನ ನಿಯಮವೇ ನ್ಯಾಯವಾದ ಇಂಥ ಕೆಲಸ ಕಂಡರೆ ನನ್ನಂಥವನಿಗೆ ಸಂತೋಷವಾಗುತ್ತದೆ.

ಆದರೆ ಕೋರ್ಸ್ ಅಲ್ಲಿಗೆ ನಿಲ್ಲುವುದಿಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ, ದಾಖಲೆಗಳೆಲ್ಲ ಒಂದು ಕಡೆ ಅಚ್ಚುಕಟ್ಟಾಗಿ ಸೇರಿದ್ದರಿಂದ ದೊಡ್ಡ ಕುಳಗಳಿಗೆ ಜಮೀನು ಹಿಡಿಯುವುದು ಸುಲಭವಾಯಿತು ಎಂದು ವಾದಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ವಿದ್ಯಾರ್ಥಿಗಳಿಗೆ ಎರಡೂ ಕಡೆಯದನ್ನು ಓದಿಸುತ್ತೇನೆ. ಆಮೇಲೆ ಒಂದು ಪಹಣಿ ಕೈಗೆ ಕೊಟ್ಟು, ಒಂಬತ್ತನೇ ಕಾಲಂ ಯಾರದು, ಹನ್ನೆರಡನೇ ಕಾಲಂ ಯಾಕಿದೆ ಎಂದು ಕೇಳುತ್ತೇನೆ. ಒಂಬತ್ತರಲ್ಲಿ ಒಡೆಯನ ಹೆಸರು, ಹನ್ನೆರಡರಲ್ಲಿ ಸಾಗುವಳಿಯ ವಿವರ. ಹಿರಿಯರಿಗೆ ನಾನು ಹೇಳಬೇಕಿಲ್ಲ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂದು, ಗೇಣಿದಾರರು ಏಳನೇ ನಂಬರ್ ಫಾರಂ ಹಾಕಿದಾಗ, ಪಹಣಿಯಲ್ಲಿ ಉಳುವವನ ಹೆಸರು ಇದ್ದದ್ದು ದೊಡ್ಡ ಸಾಕ್ಷಿ. ಹೆಸರು ಬರೆಸಿಕೊಂಡವರಿಗೂ ಬರೆಸದೆ ಬಾಯಿಮಾತಿನಲ್ಲಿ ಉಳುತ್ತಿದ್ದವರಿಗೂ ಎಷ್ಟು ವ್ಯತ್ಯಾಸವಾಯಿತು! ಸಾಫ್ಟ್‌ವೇರ್ ಕಲಿಯುವ ಹುಡುಗನಿಗೆ ಕಾಲಂ ಎಂದರೆ ಪರದೆಯ ಮೇಲಿನ ಒಂದು ಖಾನೆ, ಖಾಲಿ ಬಿಟ್ಟರೂ ನಡೆಯುತ್ತದೆ. ಆ ಖಾನೆಯಿಂದ ಒಂದು ಮನೆ ಎರಡೆಕರೆ ಉಳಿಸಿಕೊಂಡಿರಬಹುದು ಅಥವಾ ಕಳೆದುಕೊಂಡಿರಬಹುದು ಎಂದು ತನ್ನ ತಾತನನ್ನು ಕೇಳಿ ಬಂದವನು, ಮುಂದೆ ಒಂದು ಫಾರಂ ಮಾಡುವಾಗ ಎರಡು ಸಲ ಯೋಚಿಸುತ್ತಾನೆ. ಕನಿಷ್ಠ ಊಟದ ಗಂಟೆಗೆ ಮುಂಚೆ 85 ಎಂದು ಹಾಕಿ ಎದ್ದು ಹೋಗುವುದಿಲ್ಲ.

ಪರೀಕ್ಷೆ ಹೇಗೆ ಎಂದು ಶಿಕ್ಷಕರು ಕೇಳಬಹುದು. ಅದೇ ತಲೆನೋವು. ಬಹು ಆಯ್ಕೆ ಪ್ರಶ್ನೆ ಕೊಟ್ಟರೆ ಮತ್ತೆ ಜೆರಾಕ್ಸ್ ಅಂಗಡಿ. ಈಗ ನಾವು ಒಂದು ಕೆಲಸ ಕೊಡುತ್ತೇವೆ: ನಿಮ್ಮ ಮನೆಯ ಹಿರಿಯರೊಬ್ಬರು ಬಳಸಿ ಬಿಟ್ಟ ಅಥವಾ ಬಳಸಲಾಗದ ಒಂದು ವಸ್ತುವೋ ಆ್ಯಪೋ ಹಿಡಿದು, ಯಾಕೆ ಎಂದು ಅವರಿಂದಲೇ ಕೇಳಿ ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ. ಕೆಲವರು ಎಐಗೆ ಹೇಳಿ ಬರೆಸುತ್ತಾರೆ. ಅಂಥ ಬರಹದ ಅಜ್ಜಿಯರು ಬಹಳ ಅಚ್ಚುಕಟ್ಟಾಗಿ ಮಾತಾಡುತ್ತಾರೆ, ಯಾರನ್ನೂ ಬಯ್ಯುವುದಿಲ್ಲ. ಬೇಗ ಗೊತ್ತಾಗುತ್ತದೆ. ಎರಡನೆಯ ಕೆಲಸ, ತರಗತಿಯ ಹಾಜರಿಗೆ ಒಂದು ಫಾರಂ ಮಾಡಿ, ಅದರಲ್ಲಿ ನಮ್ಮ ನಾಲ್ಕು ಮಂಜುನಾಥರನ್ನು ತುಂಬುವುದು. ಮೊದಲ ಸಲ ಯಾರೂ ಪಾಸಾಗುವುದಿಲ್ಲ. ಬರೀ ಮಂಜುನಾಥನ ಹತ್ತಿರ ಎಲ್ಲರೂ ಎಡವುತ್ತಾರೆ.

ಈ ಒಂದು ಕೋರ್ಸಿನಿಂದ ಎಲ್ಲ ಸರಿಯಾಗುತ್ತದೆಂದು ನಾನು ಹೇಳುವುದಿಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಯಾರೂ ಒಲೆಯ ಬಗ್ಗೆ ಕೇಳುವುದಿಲ್ಲ. ಕಳೆದ ವರ್ಷ 60 ಜನರಲ್ಲಿ ಹದಿಮೂರು ಜನ ಬೇರೆ ಐಚ್ಛಿಕ ವಿಷಯಕ್ಕೆ ಬದಲಾಯಿಸಿಕೊಂಡರು, ಅದು ಕೆಲಸಕ್ಕೆ ಹೆಚ್ಚು ಉಪಯೋಗವಂತೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರಲ್ಲಿ ಹಲವರ ಮನೆಯಲ್ಲಿ ಓದಿಗೆ ಸಾಲ ತೆಗೆದಿದ್ದಾರೆ, ನಮ್ಮ ಮನೆಯಲ್ಲೂ ತೆಗೆದಿದ್ದರು.

ಅಪ್ಪ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಇನ್ನು ಊರಿನವರಲ್ಲಿ ಒಂದು ಬಿನ್ನಹ, ಹೆಡ್‌ಮಾಸ್ಟರರಲ್ಲಿ ಒಂದು.

ಬರುವ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಆ ಕಾಲೇಜಿನ 28 ವಿದ್ಯಾರ್ಥಿಗಳು ಎರಡು ದಿನ ಇಲ್ಲಿಗೆ ಬರುತ್ತಾರೆ. ಶಾಲೆಯಲ್ಲೇ ಉಳಿದುಕೊಳ್ಳಲು ಎಸ್‌ಡಿಎಂಸಿಯವರು ಒಪ್ಪಿದ್ದಾರೆ. ಮನೆಗೆ ಬಂದರೆ ಹೋಳಿಗೆ ಮಾಡಿ ಸನ್ಮಾನ ಮಾಡಬೇಡಿ, ದಯವಿಟ್ಟು. ಹಾಲಿನ ಡೇರಿಯ ಯಂತ್ರ ಕೊಬ್ಬಿನಂಶ ತೋರಿಸುವಾಗ ನಿಮಗೇನು ಅನುಮಾನ, ಬೆರಳಚ್ಚು ಕೂರದಿದ್ದ ದಿನ ಏನು ಮಾಡಿದಿರಿ, ಕೊಳವೆಬಾವಿ ಬಂದ ಮೇಲೆ ಕೆರೆ ಏನಾಯಿತು, ಅದನ್ನು ಹೇಳಿ. ಬಯ್ಯುವುದಿದ್ದರೆ ಬಯ್ಯಿರಿ, ಅವರು ಬರೆದುಕೊಳ್ಳುತ್ತಾರೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಅವರ ಜೊತೆ ಮನೆಮನೆಗೆ ಹೋಗಲಿ. ದಾರಿ ಗೊತ್ತಿರುವವರು ನೀವೇ.

ಸಾರ್, ನಿಮ್ಮಲ್ಲಿ ಕೇಳುವುದು ಇಷ್ಟು: ಕಚೇರಿಯ ಅಟ್ಟದ ಮೇಲೆ 1974ರಿಂದ ಇರುವ ಹಾಜರಿ ಪುಸ್ತಕಗಳನ್ನು ಹೊಸ ಕಟ್ಟಡಕ್ಕೆ ಹೋಗುವಾಗ ರದ್ದಿಗೆ ಹಾಕಿಸಬೇಡಿ. ಗೆದ್ದಲು ಹತ್ತದಂತೆ ಇಡಲು ಎರಡು ಕಬ್ಬಿಣದ ಬೀರು ಬೇಕು ಅಂದಿದ್ದಿರಿ. ನಮ್ಮ ಬ್ಯಾಚಿನವರು ಅದಕ್ಕೆ ದುಡ್ಡು ಸೇರಿಸಿದ್ದೇವೆ. ಬೀರು ಮುಂದಿನ ಸೋಮವಾರ ಬರುತ್ತದೆ, ಇಳಿಸಿಕೊಳ್ಳಲು ಬರೀ ಮಂಜುನಾಥ ಇರುತ್ತಾನೆ.